ಕಡಲ ಮೀನಿನ ಪ್ರಯೋಗಾಲಯದಿಂದ ನಮ್ಮ ಕೆರೆಯವರೆಗೆ

(ಕೆರಗೋಡು ಹೋಬಳಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕೆರಗೋಡಿಗೂ ಕಡಲಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಹಾಗೆ ಕೇಳುವುದು ನ್ಯಾಯವೇ. ಪಶ್ಚಿಮದ ಕಡಲನ್ನು ನೋಡಬೇಕಾದರೆ ನಾವು ಹಾಸನವನ್ನೂ ಸಕಲೇಶಪುರವನ್ನೂ ದಾಟಿ ಶಿರಾಡಿ ಘಟ್ಟವನ್ನು ಇಳಿಯಬೇಕು. ನಮ್ಮದು ಭತ್ತ, ರಾಗಿ, ಕಬ್ಬುಗಳ ಸೀಮೆ. ಆದರೂ ಕಡಲು ನಮ್ಮ ಮನೆಗೆ ಬಾರದೆ ಇಲ್ಲ. ಮಂಡ್ಯದ ಮೀನಿನ ಅಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿರುವ ಬಂಗುಡೆ, ಬೂತಾಯಿಗಳು ಘಟ್ಟ ಹತ್ತಿ ಬಂದವು. ಸಂತೆಯಲ್ಲಿ ತಾಯಂದಿರು ಕೊಳ್ಳುವ ಒಣಮೀನು ಕಡಲಿನದು. ಕೋಳಿಗೆ ಹಾಕುವ ಮೇವಿನಲ್ಲಿಯೂ ಕಡಲ ಮೀನಿನ ಪುಡಿ ಬೆರೆತಿರುವುದುಂಟು. ಇನ್ನು ನಮ್ಮ ಗದ್ದೆಯ ಬಸಿನೀರು ಹಳ್ಳ ಸೇರಿ, ಹಳ್ಳವು ಹೊಳೆ ಸೇರಿ, ಕಾವೇರಿಯ ಜೊತೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದು ಕಡಲಿನಿಂದ ನಾವು ತೆಗೆದುಕೊಳ್ಳುತ್ತೇವೆ, ಇನ್ನೊಂದಕ್ಕೆ ಕಳಿಸುತ್ತೇವೆ.

ನಾನು ಮಂಡ್ಯ ಸೀಮೆಯವನೇ. ಕರಾವಳಿಯಲ್ಲಿ ಮೀನುಗಳನ್ನು ಅಭ್ಯಾಸಮಾಡುವ ಒಂದು ಪ್ರಯೋಗಾಲಯದಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಏನು ಮಾಡುತ್ತಾರೆ, ಏತಕ್ಕೆ ಮಾಡುತ್ತಾರೆ, ಅದರಿಂದ ನಮ್ಮ ಕೆರೆಗೆ ಏನು ಪ್ರಯೋಜನ ಎಂಬ ಮೂರು ವಿಷಯಗಳನ್ನು ತಮ್ಮ ಮುಂದೆ ಇಡುತ್ತೇನೆ.

ಈ ಪ್ರಯೋಗಾಲಯಗಳು ಎಲ್ಲಿವೆ?

ದೇಶಕ್ಕೆ ಸ್ವಾತಂತ್ರ್ಯ ಬರುವ ಕೆಲವು ತಿಂಗಳು ಮುಂಚೆ, 1947ರ ಫೆಬ್ರವರಿಯಲ್ಲಿ, ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಹುಟ್ಟಿತು. ರಾಮೇಶ್ವರಕ್ಕೆ ಹೋಗುವ ದಾರಿಯಲ್ಲಿರುವ ಮಂಡಪಂ ಅದರ ಹಿಂದಿನ ನೆಲೆ. 1967ರಲ್ಲಿ ಅದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಆಡಳಿತಕ್ಕೆ ಸೇರಿತು. 1971ರಲ್ಲಿ ಅದರ ಮುಖ್ಯ ಕಚೇರಿ ಕೊಚ್ಚಿಗೆ ಹೋಯಿತು. ನಮ್ಮ ರಾಜ್ಯದಲ್ಲಿ ಮಂಗಳೂರು ಮತ್ತು ಕಾರವಾರಗಳಲ್ಲಿ ಅದರ ಕೇಂದ್ರಗಳಿವೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ. ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪನೆಯಾದ ಮೀನುಗಾರಿಕೆ ಕಾಲೇಜು ಇದೆ. ಇಡೀ ದೇಶದಲ್ಲಿ ಈ ಬಗೆಯ ಕಾಲೇಜುಗಳಲ್ಲಿ ಅದೇ ಮೊದಲನೆಯದು.

ಇಲ್ಲಿ ನಡೆಯುವ ಅಭ್ಯಾಸಕ್ಕೆ ಜೀವಪರಿಸರ ಶಾಸ್ತ್ರ ಎಂದು ಹೆಸರು. ಹೆಸರು ದೊಡ್ಡದು, ಅರ್ಥ ಸುಲಭ. ಮೀನು ಎಲ್ಲಿ ಹುಟ್ಟುತ್ತದೆ, ಏನು ತಿನ್ನುತ್ತದೆ, ಯಾವಾಗ ಮೊಟ್ಟೆ ಇಡುತ್ತದೆ, ಅದನ್ನು ಯಾರು ತಿನ್ನುತ್ತಾರೆ, ನೀರು ಬಿಸಿಯಾದರೆ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವುದೇ ಈ ಶಾಸ್ತ್ರ. ಒಳ್ಳೆಯ ರೈತನು ತನ್ನ ಹಸುವಿನ ವಿಷಯದಲ್ಲಿ ಇದೆಲ್ಲವನ್ನೂ ಬಲ್ಲನು. ಹಸು ಕಣ್ಣೆದುರಿಗೆ ಕೊಟ್ಟಿಗೆಯಲ್ಲಿದೆ, ಮೀನು ಕಾಣದ ನೀರಿನಲ್ಲಿದೆ, ವ್ಯತ್ಯಾಸ ಇಷ್ಟೇ.

ದಿನಚರಿ

ಪ್ರಯೋಗಾಲಯ ಎಂದೊಡನೆ ಬಿಳಿಯ ಅಂಗಿ, ಗಾಜಿನ ನಳಿಗೆಗಳು ತಮ್ಮ ಕಣ್ಣಿಗೆ ಬರುತ್ತವೆ. ಅವೂ ಇವೆ. ಆದರೆ ಕೆಲಸ ಮೊದಲಾಗುವುದು ಕೋಳಿ ಕೂಗುವ ಹೊತ್ತಿಗೆ, ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ. ಕಾಲ ಕೆಳಗೆ ಮೀನಿನ ನೀರು, ಸುತ್ತಲೂ ಹರಾಜಿನ ಕೂಗು. ಬುಟ್ಟಿ ಹೊತ್ತ ಹೆಂಗಸರು, ಮಂಜುಗಡ್ಡೆ ಒಡೆಯುವವರು, ಲಾರಿಯವರು ಇವರ ನಡುವೆ ನಿಂತು, ಯಾವ ದೋಣಿ ಎಷ್ಟು ದಿನ ಕಡಲಲ್ಲಿತ್ತು, ಯಾವ ಬಲೆ ಹಾಕಿತು, ಎಷ್ಟು ಆಳದಲ್ಲಿ ಹಾಕಿತು, ಯಾವ ಮೀನು ಎಷ್ಟು ಬುಟ್ಟಿ ಬಂತು ಎಂದು ಕೇಳಿ ಬರೆದುಕೊಳ್ಳಬೇಕು. ದೋಣಿಯವರಿಗೆ ನಿದ್ದೆಯಿಲ್ಲದ ಕಣ್ಣು, ಬೆಲೆಯ ಚಿಂತೆ. ಆ ಹೊತ್ತಿನಲ್ಲಿ ಪ್ರಶ್ನೆ ಕೇಳುವವನಿಗೆ ಸಹನೆಯೂ ಬೇಕು, ನಯವೂ ಬೇಕು.

ಕರಾವಳಿಯಲ್ಲಿ ಪ್ರತಿ ದೋಣಿಯ ಮೀನನ್ನೂ ತೂಗುವುದು ಆಗದ ಮಾತು. ಆದ್ದರಿಂದ ಕೆಲವು ಇಳಿದಾಣಗಳನ್ನೂ ಕೆಲವು ದಿನಗಳನ್ನೂ ಚೀಟಿ ಎತ್ತಿದಂತೆ ಆರಿಸಿ, ಅಲ್ಲಿ ಕಂಡದ್ದರಿಂದ ಇಡೀ ಕರಾವಳಿಯ ಲೆಕ್ಕವನ್ನು ಕಟ್ಟುತ್ತಾರೆ. ಇದು ತಮಗೆ ಹೊಸದಲ್ಲ. ಬೆಳೆ ಕಟಾವು ಪ್ರಯೋಗದಲ್ಲಿ ಗದ್ದೆಯ ಒಂದು ಚೌಕವನ್ನು ಅಳೆದು, ಕೊಯ್ದು, ಒಕ್ಕಿ, ತೂಗಿ, ಅದರಿಂದ ಇಡೀ ಹೋಬಳಿಯ ಇಳುವರಿಯನ್ನು ಹೇಳುವುದನ್ನು ತಾವು ಕಂಡಿದ್ದೀರಿ. ಚೌಕವನ್ನು ತಮಗೆ ಬೇಕಾದ ಕಡೆ ಹಾಕಿಕೊಂಡರೆ ಲೆಕ್ಕ ಕೆಡುತ್ತದೆ. ಕಡಲಿನಲ್ಲಿಯೂ ಹಾಗೆಯೇ.

ದಕ್ಕೆಯಿಂದ ಒಂದು ಬುಟ್ಟಿ ಮೀನನ್ನು ಕ್ರಯಕ್ಕೆ ತಂದು ಮೇಜಿನ ಮೇಲೆ ಸುರಿಯುತ್ತೇವೆ. ಆರಿಸಬಾರದು, ದೊಡ್ಡದು ಚಿಕ್ಕದು ಎನ್ನದೆ ಬಂದದ್ದನ್ನೆಲ್ಲ ಅಳೆಯಬೇಕು. ಮೂತಿಯಿಂದ ಬಾಲದ ತುದಿಯವರೆಗೆ ಉದ್ದ, ಅನಂತರ ತೂಕ. ಆಮೇಲೆ ಹೊಟ್ಟೆಯನ್ನು ಸೀಳಿ ಗಂಡೋ ಹೆಣ್ಣೋ, ಮೊಟ್ಟೆಯ ಚೀಲ ಎಳೆಯದೋ ಮಾಗಿದೆಯೋ ಅಥವಾ ಮೊಟ್ಟೆ ಇಟ್ಟು ಬರಿದಾಗಿದೆಯೋ ಎಂದು ನೋಡಿ ಬರೆಯುವುದು. ಜಠರದಲ್ಲಿರುವುದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೀನು ನಿನ್ನೆ ಏನು ಉಂಡಿತೆಂದು ತಿಳಿಯುತ್ತದೆ. ಕೈಗೆ ಹತ್ತಿದ ಫಾರ್ಮಲಿನ್ ವಾಸನೆ ಊಟದ ಹೊತ್ತಿಗೂ ಬಿಡುವುದಿಲ್ಲ.

ಕೆಲವು ದಿನ ಕಡಲಿಗೂ ಹೋಗಬೇಕು. ಬೇರೆ ಬೇರೆ ಆಳದ ನೀರನ್ನು ತುಂಬಿಕೊಂಡು ಅದರ ಉಷ್ಣ, ಉಪ್ಪು, ಆಮ್ಲಜನಕಗಳನ್ನು ಅಳೆಯುವುದು. ಜರಡಿಗಿಂತ ನಯವಾದ ಬಟ್ಟೆಯ ಬಲೆಯನ್ನು ಎಳೆದು ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯುವುದು. ಬಯಲುಸೀಮೆಯವನಿಗೆ ಮೊದಮೊದಲು ಹೊಟ್ಟೆ ತೊಳಸಿ ವಾಂತಿಯಾಗುತ್ತದೆ. ನಾಲ್ಕಾರು ಸಲ ಹೋದಮೇಲೆ ಮೈ ಒಗ್ಗುತ್ತದೆ.

ಈ ಕೆಲಸದಲ್ಲಿ ಚಮತ್ಕಾರವಿಲ್ಲ. ಒಂದೇ ಕೆಲಸವನ್ನು ವಾರವಾರವೂ, ವರ್ಷವರ್ಷವೂ ಮಾಡಬೇಕು. ಒಂದು ವರ್ಷದ ಪುಸ್ತಕದಿಂದ ಏನೂ ತಿಳಿಯದು. ಇಪ್ಪತ್ತು ಮೂವತ್ತು ವರ್ಷದ ಪುಸ್ತಕಗಳನ್ನು ಸಾಲಾಗಿ ಇಟ್ಟಾಗ ಕಡಲು ಮಾತನಾಡಲು ತೊಡಗುತ್ತದೆ.

ಮೀನಿನ ವಯಸ್ಸು ತಿಳಿಯುವ ಬಗೆ

ಎತ್ತಿನ ವಯಸ್ಸನ್ನು ಹಲ್ಲು ನೋಡಿ ಹೇಳುತ್ತೇವೆ. ಮೀನಿನ ವಯಸ್ಸನ್ನು ಹೇಗೆ ಹೇಳುವುದು? ಮೀನಿನ ತಲೆಯೊಳಗೆ, ಮಿದುಳಿನ ಪಕ್ಕದಲ್ಲಿ, ಸುಣ್ಣದ ಪುಟ್ಟ ಕಲ್ಲುಗಳಿರುತ್ತವೆ. ಅವಕ್ಕೆ ಕಿವಿಗಲ್ಲು ಎನ್ನಬಹುದು. ಸಮತೋಲಕ್ಕೂ ಶಬ್ದವನ್ನು ಗ್ರಹಿಸುವುದಕ್ಕೂ ಅವು ಬೇಕು. ಬೂತಾಯಿಯದು ಅಕ್ಕಿನುಚ್ಚಿನಷ್ಟು. ಮೀನು ಬೆಳೆದಂತೆ ಆ ಕಲ್ಲಿನ ಮೇಲೆ ಪದರದ ಮೇಲೆ ಪದರ ಕೂಡುತ್ತದೆ. ಮರದ ದಿಮ್ಮಿಯನ್ನು ಕೊಯ್ದಾಗ ಕಾಣುವ ಉಂಗುರಗಳಂತೆ ಇಲ್ಲಿಯೂ ಉಂಗುರಗಳಿವೆ. ಚಳಿದೇಶಗಳ ಮೀನಿನಲ್ಲಿ ವರ್ಷದ ಉಂಗುರಗಳು ಸ್ಪಷ್ಟವಾಗಿರುತ್ತವೆ. ನಮ್ಮ ಬಿಸಿಕಡಲಿನಲ್ಲಿ ಅವು ಅಷ್ಟು ಚೆನ್ನಾಗಿ ಕಾಣವು. ಕಲ್ಲನ್ನು ತೆಳುವಾಗಿ ಉಜ್ಜಿ, ದಿನಕ್ಕೊಂದರಂತೆ ಕೂಡಿದ ನವುರಾದ ಗೆರೆಗಳನ್ನು ಎಣಿಸಬೇಕಾಗುತ್ತದೆ.

ಹೀಗೆ ಎಣಿಸಿಯೂ, ತಿಂಗಳು ತಿಂಗಳ ಉದ್ದವನ್ನು ಹೋಲಿಸಿಯೂ, ಬೂತಾಯಿ ಸುಮಾರು ಒಂದು ವರ್ಷಕ್ಕೆ, ಹದಿನೈದು ಸೆಂಟಿಮೀಟರಿನ ಆಸುಪಾಸಿನಲ್ಲಿ, ತಾಯಾಗುವ ಹಂತಕ್ಕೆ ಬರುತ್ತದೆಂದು ತಿಳಿದಿದೆ. ಅದರ ಆಯುಸ್ಸೇ ಎರಡು ಮೂರು ವರ್ಷ. ಗೇಣುದ್ದದ ಮೀನೂ ಹೀಗೆ ಒಂದು ಬೆಳೆಯಿದ್ದಂತೆ. ಬಿತ್ತನೆಯ ಕಾಲ ತಪ್ಪಿದರೆ ಮರುವರ್ಷ ಕಣ ಬರಿದು.

ಬೂತಾಯಿಯ ಕಥೆ

ಬೂತಾಯಿ ಬಡವರ ಮೀನು. ಅದರಲ್ಲಿ ಎಣ್ಣೆ ಹೆಚ್ಚು, ಬೆಲೆ ಕಡಿಮೆ. ಹಿಂದೆ ಹೇರಳವಾಗಿ ಬಂದಾಗ ತಿಂದು ಮಿಕ್ಕದ್ದನ್ನು ಬೇಯಿಸಿ ಎಣ್ಣೆ ತೆಗೆದು, ಉಳಿದದ್ದನ್ನು ಒಣಗಿಸಿ ತೋಟಗಳಿಗೆ ಗೊಬ್ಬರವಾಗಿ ಹಾಕುತ್ತಿದ್ದರು. ಹಾಗೆ ಹೊಳೆಯಂತೆ ಬಂದ ಮೀನು ಕೆಲವು ವರ್ಷ ಇದ್ದಕ್ಕಿದ್ದಂತೆ ಕಾಣೆಯಾಗುತ್ತಿತ್ತು. ಏಕೆ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮೊದಲಿಗರು ಅಂದಿನ ಮದರಾಸು ಸರ್ಕಾರದ ಮೀನುಗಾರಿಕೆ ಅಧಿಕಾರಿ ಜೇಮ್ಸ್ ಹಾರ್ನೆಲ್. ದಕ್ಷಿಣ ಕನ್ನಡವು ಆಗ ಮದರಾಸಿಗೆ ಸೇರಿತ್ತು. ಬೂತಾಯಿಯ ಜೀವನಚರಿತ್ರೆಯನ್ನು ಕುರಿತು ಹಾರ್ನೆಲ್ ಮತ್ತು ನಾಯುಡು ಎಂಬುವರು 1924ರಲ್ಲಿ ಪ್ರಕಟಿಸಿದ ಬರಹವನ್ನು ಈಗಲೂ ಓದುತ್ತಾರೆ. 1940ರ ದಶಕದಲ್ಲಿ ಮೀನು ಬಹಳ ಕಡಿಮೆಯಾದಾಗ, ಎಳೆಯ ಬೂತಾಯಿಯನ್ನು ಹಿಡಿಯದಂತೆ ಮದರಾಸು ಸರ್ಕಾರವು ನಿರ್ಬಂಧ ಹಾಕಿ ನೋಡಿತು.

ಅನಂತರ ಕಡಲಿನ ನೀರನ್ನೂ ನೋಡಬೇಕೆಂದು ತಿಳಿಯಿತು. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯ ಬಳಿ ತಳದ ತಣ್ಣನೆಯ ನೀರು ಮೇಲಕ್ಕೆ ಏಳುತ್ತದೆ. ಆ ನೀರಿನಲ್ಲಿ ಸಸ್ಯಕ್ಕೆ ಬೇಕಾದ ಸಾರವಿದೆ. ಗದ್ದೆಯ ತಳಮಣ್ಣನ್ನು ನೇಗಿಲು ಮೇಲೆ ತಂದು ಗೊಬ್ಬರ ಬೆರೆಸಿದಂತೆ ಎಂದು ತಿಳಿಯಿರಿ. ಬೆಳಕೂ ಸಾರವೂ ಕೂಡಿದೊಡನೆ ಡಯಾಟಂ ಎಂಬ ಗಾಜಿನ ಚಿಪ್ಪಿನ ಸಸ್ಯಕಣಗಳು ಕೋಟಿಗಟ್ಟಲೆ ಬೆಳೆಯುತ್ತವೆ. ಅವೇ ಬೂತಾಯಿಯ ಹುಲ್ಲುಗಾವಲು. ಫ್ರಾಜಿಲೇರಿಯ ಓಷಿಯಾನಿಕ ಎಂಬ ಒಂದು ಬಗೆಯ ಡಯಾಟಂ ಹೆಚ್ಚಾದಾಗ ಬೂತಾಯಿಯೂ ಹೆಚ್ಚಾಗಿರುತ್ತದೆ ಎಂದು ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು 1955ರಲ್ಲಿ ತಿಳಿಸಿದರು. 1966ರಿಂದ 1969ರವರೆಗೆ ಬಂಗುಡೆ, ಬೂತಾಯಿಗಳಿಗೆ ಗುರುತು ಕಟ್ಟಿ ಕಡಲಿಗೆ ಬಿಟ್ಟು, ಅವು ಎಲ್ಲಿ ಮತ್ತೆ ಸಿಕ್ಕುತ್ತವೆಂದು ನೋಡುವ ಕೆಲಸವೂ ನಡೆಯಿತು.

ಇಷ್ಟು ತಿಳಿದಮೇಲೂ ಕಡಲು ನಮ್ಮನ್ನು ಬೆರಗುಗೊಳಿಸುವುದನ್ನು ಬಿಟ್ಟಿಲ್ಲ. ಕೇರಳ ರಾಜ್ಯವೊಂದರಲ್ಲೇ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ನೂರು ಮೂಟೆ ಬೆಳೆಯುತ್ತಿದ್ದ ಗದ್ದೆಯಲ್ಲಿ ಒಂದು ಮೂಟೆಯೂ ತುಂಬದೆ ಹೋದರೆ ಆ ಮನೆಯ ಪಾಡೇನು? ಬಳಿಕ ಮೀನು ಮರಳಿ ಬಂದು ಮತ್ತೆ ಲಕ್ಷ ಟನ್ ದಾಟಿತು. ಮಳೆ, ಕಡಲಿನ ಉಷ್ಣ, ತಳದ ನೀರು ಏಳುವ ಬಲ, ಮೇವು, ಮನುಷ್ಯನ ಬಲೆ ಎಲ್ಲವೂ ಇದರಲ್ಲಿ ಸೇರಿವೆ. ಮಳೆಯೂ ಕಡಲಿನ ಉಷ್ಣವೂ ನಮ್ಮ ಕೈಯಲ್ಲಿಲ್ಲ. ಬಲೆ ಮಾತ್ರ ನಮ್ಮ ಕೈಯಲ್ಲಿದೆ. ಕೆಟ್ಟ ವರ್ಷ ಬಂದಾಗ ಕಡಲಿನಲ್ಲಿ ತಾಯಿಮೀನು ಉಳಿದಿರಬೇಕು. ಪ್ರಯೋಗಾಲಯದ ಶ್ರಮದ ಸಾರಾಂಶ ಇದೇ.

ಬಲೆಯ ಮಾತು

ಹಿಂದೆ ಕನ್ನಡ ಕರಾವಳಿಯಲ್ಲಿ ರಂಪಣಿ ಎಂಬ ದೊಡ್ಡ ಬಲೆಯಿತ್ತು. ದೋಣಿಯಲ್ಲಿ ಹೋಗಿ ಅದನ್ನು ಅರ್ಧಚಂದ್ರದಂತೆ ಬಿಟ್ಟು ಬಂದು, ಊರಿನ ಹತ್ತಾರು ಮಂದಿ ದಡದಿಂದ ಎರಡು ಕಡೆಯ ಹಗ್ಗವನ್ನು ಎಳೆಯುತ್ತಿದ್ದರು. ಸಿಕ್ಕಿದ್ದರಲ್ಲಿ ಎಳೆದವರಿಗೆಲ್ಲ ಪಾಲು. ಅದು ಮೀನು ದಡದ ಬಳಿಗೆ ಬರುವವರೆಗೂ ಕಾಯುವ ಬಲೆ. 1970ರ ದಶಕದ ಮಧ್ಯದಿಂದ ಯಂತ್ರದ ದೋಣಿಗಳೂ, ಮೀನಿನ ಹಿಂಡನ್ನು ಕಡಲಿನಲ್ಲೇ ಸುತ್ತುಗಟ್ಟಿ ಚೀಲದ ಬಾಯಿ ಬಿಗಿದಂತೆ ಬಿಗಿಯುವ ಪರ್ಸೀನ್ ಬಲೆಗಳೂ ಹೆಚ್ಚಿದವು. ಮೀನು ದಡಕ್ಕೆ ಬರುವ ಮೊದಲೇ ಹಿಡಿಯಲ್ಪಟ್ಟಿತು. ರಂಪಣಿಯವರಿಗೂ ಹೊಸ ದೋಣಿಯವರಿಗೂ ಜಗಳಗಳಾದವು. ಕ್ರಮೇಣ ರಂಪಣಿ ಮೂಲೆ ಸೇರಿತು.

ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳಿಗೆ ರಜೆ. ಬಹುಪಾಲು ಮೀನುಗಳು ಮೊಟ್ಟೆ ಇಡುವ ಕಾಲವೂ ಮುಂಗಾರಿನ ಸುತ್ತಮುತ್ತಲೇ. ಕೇರಳದಲ್ಲಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನೂ 14 ಸೆಂಟಿಮೀಟರಿಗಿಂತ ಚಿಕ್ಕ ಬಂಗುಡೆಯನ್ನೂ ಹಿಡಿಯಬಾರದೆಂಬ ನಿಯಮವಿದೆ. ಹೀಗಿದ್ದರೂ ಎಳೆಯ ಮೀನು ಬಲೆಗೆ ಬೀಳುವುದು ನಿಂತಿಲ್ಲ. ತಿನ್ನಲು ಬಾರದ ಸಣ್ಣ ಮೀನೆಲ್ಲ ಮೀನುಪುಡಿಯ ಕಾರ್ಖಾನೆಗೆ ಹೋಗಿ, ಕೋಳಿಗೂ ಸಾಕುಮೀನಿಗೂ ಮೇವಾಗುತ್ತದೆ. ಬಿತ್ತನೆಗೆ ಇಟ್ಟ ರಾಗಿಯನ್ನು ಬೀಸಿ ತಿಂದಂತೆ ಅಲ್ಲವೇ ಇದು?

ಆದರೆ ಮೀನುಗಾರನ ಕಷ್ಟವನ್ನೂ ಕೇಳಬೇಕು. ದಕ್ಕೆಯಲ್ಲಿ ಒಬ್ಬ ಹಿರಿಯರು ಒಮ್ಮೆ ನನ್ನನ್ನು ಕೇಳಿದರು: “ಅಲ್ಲ ಮಾರಾಯ್ರೇ, ನಾನು ಸಣ್ಣ ಮೀನು ಬಿಟ್ಟೆ ಅಂತಲೇ ಇಟ್ಟುಕೊಳ್ಳಿ. ಪಕ್ಕದ ದೋಣಿಯವ ಹಿಡಿಯುತ್ತಾನಲ್ಲ, ಆಗ ನನ್ನ ಮಕ್ಕಳಿಗೆ ಏನು ಕೊಡಲಿ?” ಈ ಪ್ರಶ್ನೆಗೆ ಸೂಕ್ಷ್ಮದರ್ಶಕದಲ್ಲಿ ಉತ್ತರವಿಲ್ಲ. ಒಬ್ಬನೇ ಕಾಯ್ದರೆ ಅವನಿಗೆ ನಷ್ಟ. ಎಲ್ಲರೂ ಕಾಯ್ದರೆ ಎಲ್ಲರಿಗೂ ಲಾಭ. ಆದ್ದರಿಂದ ಕಾಯುವುದನ್ನು ಊರು ಕೂಡಿ ನಿಶ್ಚಯಿಸಬೇಕು. ಎಷ್ಟು ದಿನ, ಎಷ್ಟು ಉದ್ದ ಎಂದು ಲೆಕ್ಕ ಕೊಡುವುದು ಪ್ರಯೋಗಾಲಯದ ಹೊಣೆ. ಆ ಲೆಕ್ಕದಂತೆ ನಡೆಯುವುದು ಸಮಾಜದ ಹೊಣೆ.

ಇನ್ನು ನಮ್ಮ ಕೆರೆಗೆ ಬರೋಣ

ಕಡಲು ಬಹಳ ದೊಡ್ಡದು, ಅದರ ಒಡೆಯರು ಲಕ್ಷಾಂತರ ಮಂದಿ. ನಮ್ಮ ಕೆರೆ ಚಿಕ್ಕದು. ಅದರ ಏರಿಯ ಮೇಲೆ ನಿಂತರೆ ಆಚೆಯ ದಡ ಕಾಣುತ್ತದೆ, ಒಡೆಯರೆಲ್ಲರ ಹೆಸರೂ ಗೊತ್ತಿರುತ್ತದೆ. ಕಡಲಿನಲ್ಲಿ ಕಷ್ಟವಾದದ್ದು ಇಲ್ಲಿ ಸುಲಭವಾಗಬೇಕು.

ಕಾಟ್ಲಾ, ರೋಹು, ಮೃಗಾಲ್ ಮೀನುಗಳ ಮರಿಗಳನ್ನು ನಮ್ಮ ಕೆರೆಗಳಿಗೆ ಬಿಡುತ್ತಾರೆ. ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಂದೇ ಹೊಲದಲ್ಲಿ ರಾಗಿ, ಅವರೆ, ಸಾಸಿವೆ ಬಿತ್ತಿದಂತೆ. ಆದರೆ ಈ ಮೀನುಗಳು ಹರಿಯುವ ಹೊಳೆಯ ಪ್ರವಾಹ ಕಂಡಲ್ಲದೆ ಮೊಟ್ಟೆ ಇಡುವುದಿಲ್ಲ. ನಿಂತ ನೀರಿನ ಕೆರೆಯಲ್ಲಿ ಮರಿ ಮಾಡವು. ಹಿಂದೆ ಮರಿಗಳನ್ನು ಹೊಳೆಗಳಿಂದಲೇ ಹಿಡಿದು ತರಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿಯವರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಅದರ ನೆನಪಿಗೆ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಇಂದು ಮರಿಗಳನ್ನು ಕ್ರಯಕ್ಕೆ ಕೊಂಡು ತಂದು ಕೆರೆಗೆ ಬಿಡಲು ಸಾಧ್ಯವಾಗಿರುವುದು ಆ ಪ್ರಯೋಗದ ಫಲ.

ಪ್ರಯೋಗಾಲಯದಲ್ಲಿ ಮಾಡುವುದನ್ನು ಕೆರೆಯ ದಡದಲ್ಲಿಯೂ ಮಾಡಬಹುದು. ಬೇಕಾದ ಸಾಮಾನು ಒಂದು ಅಳತೆಪಟ್ಟಿ, ಒಂದು ತಕ್ಕಡಿ, ಒಂದು ನೋಟುಪುಸ್ತಕ.

ಮೊದಲನೆಯದಾಗಿ, ಮರಿ ಬಿಟ್ಟ ದಿನವನ್ನೂ ಸಂಖ್ಯೆಯನ್ನೂ ಬರೆದಿಡಿ. ತಿಂಗಳಿಗೊಮ್ಮೆ ಬೀಸುಬಲೆ ಹಾಕಿ ಇಪ್ಪತ್ತು ಮೀನು ಹಿಡಿದು, ಅಳೆದು, ತೂಗಿ, ಬರೆದು, ಮತ್ತೆ ನೀರಿಗೆ ಬಿಡಿ. ತೂಕ ಏರುತ್ತಿದ್ದರೆ ಕಾಯಬಹುದು. ಏರದೆ ನಿಂತರೆ ಮೇವು ಸಾಲದು, ಇಲ್ಲವೆ ಮರಿ ಹೆಚ್ಚಾಗಿದೆ ಎಂದು ಅರ್ಥ.

ಎರಡನೆಯದಾಗಿ, ಅವಸರಪಟ್ಟು ಹಿಡಿಯಬೇಡಿ. ಲೆಕ್ಕಕ್ಕಾಗಿ ಹೇಳುತ್ತೇನೆ: ಸಾವಿರ ಮೀನು, ಒಂದೊಂದು ಕಾಲು ಕಿಲೋ ಇದ್ದಾಗ ಹಿಡಿದರೆ 250 ಕಿಲೋ. ಅವೇ ಮುಕ್ಕಾಲು ಕಿಲೋ ಆಗುವವರೆಗೆ ಕಾಯ್ದು, ಅಷ್ಟರಲ್ಲಿ ಇನ್ನೂರು ಮೀನು ಸತ್ತವೆಂದೇ ಎಣಿಸಿದರೂ, 600 ಕಿಲೋ. ಮರಿಗೆ ಕೊಟ್ಟ ದುಡ್ಡು ಎರಡಕ್ಕೂ ಒಂದೇ.

ಮೂರನೆಯದಾಗಿ, ಕಾಯಲು ನೀರು ಬೇಕು. ಗದ್ದೆಗೂ ನೀರು ಬೇಕು. ಇದೇ ನಮ್ಮೂರುಗಳಲ್ಲಿ ಜಗಳದ ಮೂಲ. ಮೀನಿನ ಗುತ್ತಿಗೆಯವರು, ನೀರುಗಂಟಿ, ಅಚ್ಚುಕಟ್ಟಿನ ರೈತರು ಮರಿ ಬಿಡುವ ಮೊದಲೇ ಒಟ್ಟಿಗೆ ಕುಳಿತು, ತೂಬಿನ ನೀರು ಯಾವ ಮಟ್ಟಕ್ಕೆ ಇಳಿದಾಗ ನಿಲ್ಲಿಸಬೇಕೆಂದು ಮಾತಾಡಿಕೊಳ್ಳಲಿ. ತೂಬಿನ ಬಳಿ ಒಂದು ಕಲ್ಲಿಗೆ ಬಣ್ಣದ ಗುರುತು ಹಾಕಲಿ. ಬೇಸಿಗೆಯಲ್ಲಿ ಪೂರ್ತಿ ಒಣಗುವ ಕೆರೆಯಾದರೆ ಸಣ್ಣ ಮರಿಯ ಬದಲು ಬಲಿತ ಮರಿ ಬಿಡುವುದು ಮೇಲು.

ನಾಲ್ಕನೆಯದಾಗಿ, ಔಷಧಿ ಹೊಡೆದ ಸ್ಪ್ರೇಯರನ್ನು ಕೆರೆಯಲ್ಲಾಗಲಿ ಕೆರೆಗೆ ಹರಿಯುವ ಕಾಲುವೆಯಲ್ಲಾಗಲಿ ತೊಳೆಯಬೇಡಿ. ಮೋಡ ಕವಿದ ದಿನಗಳಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಎಂದು ತಿಳಿಯಿರಿ. ರಾತ್ರಿಯೆಲ್ಲ ಗಿಡ, ಮೀನು, ಕೊಳೆಯುವ ಗೊಬ್ಬರ ಎಲ್ಲವೂ ಅದನ್ನು ಬಳಸಿರುತ್ತವೆ. ಅಂದು ಸಗಣಿಗೊಬ್ಬರವನ್ನಾಗಲಿ ಮೇವನ್ನಾಗಲಿ ಹಾಕಬೇಡಿ. ಸಾಧ್ಯವಾದರೆ ಹೊಸ ನೀರು ಬಿಡಿ.

ಐದನೆಯದು, ನನ್ನ ಮನಸ್ಸಿಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಬಿಟ್ಟ ಮರಿಗಳಲ್ಲದೆ ಕೆರೆಯಲ್ಲಿ ತಾನೇ ಹುಟ್ಟಿ ಬೆಳೆಯುವ ನಾಡಮೀನುಗಳಿವೆ. ಮೊದಲ ಮಳೆಗೆ ಕೋಡಿ ಹರಿದಾಗ ಅವು ಹೊಸನೀರಿಗೆ ಎದುರಾಗಿ ಏರುತ್ತವೆ. ಆಗ ಹುಡುಗರೂ ದೊಡ್ಡವರೂ ಕೂಳಿ, ಸೀರೆ, ಮಂಕರಿ ಹಿಡಿದು ಕೋಡಿಗೆ ಓಡುವುದು ನಮ್ಮ ಊರುಗಳ ಸಂಭ್ರಮ. ಆದರೆ ಆ ಮೀನುಗಳ ಹೊಟ್ಟೆ ಸೀಳಿ ನೋಡಿ: ತುಂಬ ಮೊಟ್ಟೆ. ಕಡಲಿನವರು 61 ದಿನ ದೋಣಿ ಕಟ್ಟಿಹಾಕುತ್ತಾರೆ. ಕೋಡಿ ಹರಿಯುವ ಮೊದಲ ಒಂದು ವಾರ ನಾವು ಕೂಳಿಯನ್ನು ಅಟ್ಟದ ಮೇಲೆ ಇಡಲಾರೆವೇ?

ಹೀಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಮುತ್ತತ್ತಿಯ ಕಡೆ ಕಾವೇರಿಯಲ್ಲಿ ಬೆನ್ನುಬ್ಬಿನ ಮಹಶೀರ್ ಎಂಬ ಭಾರಿ ಮೀನಿದೆ. ಅದರ ಶಾಸ್ತ್ರೀಯ ಹೆಸರು ಟಾರ್ ರೆಮಾದೇವಿ ಎಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಹೊಳೆಗೆ ತೋಟೆ ಹಾಕಿ ಕೊಂದದ್ದು ಅದರ ನಾಶಕ್ಕೆ ಒಂದು ಕಾರಣ. ಸರಿಯಾದ ಹೆಸರು ಹಿಡಿದು ಕರೆಯುವ ಹೊತ್ತಿಗೆ ಅದು ಹೋಗುವ ದಾರಿಯಲ್ಲಿತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನವರಾದರೋ ಊರಿನ ಮರಗಳಿಗೆ ಬರುವ ಹೆಜ್ಜಾರ್ಲೆಗಳನ್ನು ಮನೆಮಕ್ಕಳಂತೆ ಕಾಪಾಡಿಕೊಂಡು ಬಂದಿದ್ದಾರೆ. ಆ ಹಕ್ಕಿಗಳು ಬದುಕುವುದು ಸುತ್ತಲಿನ ಕೆರೆಗಳ ಮೀನಿನಿಂದ. ನಾಶದ ಉದಾಹರಣೆಯೂ ರಕ್ಷಣೆಯ ಉದಾಹರಣೆಯೂ ನಮ್ಮ ಜಿಲ್ಲೆಯಲ್ಲೇ ಇವೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ಸಿ.ಇ.ಟಿ. ಬರೆದು, ಮಂಗಳೂರಿನ ಕಾಲೇಜಿನಲ್ಲಿ ನಾಲ್ಕು ವರ್ಷದ ಮೀನುಗಾರಿಕೆ ಪದವಿ ಪಡೆಯಬಹುದು. ಹೆಣ್ಣುಮಕ್ಕಳೂ ಹೋಗಬೇಕು. ಕಡಲು ನೋಡಿಲ್ಲವೆಂಬ ಅಂಜಿಕೆ ಬೇಡ. ನೀರು ನಿಂತಲ್ಲಿ ಮೀನೇಕಿದೆ, ಇಲ್ಲೇಕಿಲ್ಲ ಎಂದು ಕೇಳುವ ಬುದ್ಧಿಯಿದ್ದರೆ ಸಾಕು. ಅದನ್ನು ಕೆರೆಯ ಏರಿಯ ಮೇಲೆಯೇ ಕಲಿಯಬಹುದು. ಈ ಮಳೆಗಾಲದಿಂದಲೇ ಶಾಲೆಯ ಮಕ್ಕಳು ತಮ್ಮ ಊರ ಕೆರೆಯ ಮೀನುಗಳ ಹೆಸರನ್ನು ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಲಿ. ಯಾವುದು ಹಿಂದೆ ಇತ್ತು, ಯಾವುದು ಈಗಿಲ್ಲ ಎಂಬ ಪಟ್ಟಿಯೇ ಕೆರಗೋಡಿನ ಪ್ರಯೋಗಾಲಯದ ಮೊದಲ ಪುಸ್ತಕವಾಗುತ್ತದೆ.

ಮರಿ ಬಿಡುವ ಮೊದಲು ಒಂದು ಸಲ ಎಲ್ಲರೂ ಕೂಡಿ ಕುಳಿತುಕೊಳ್ಳಿರೆಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.